ಫೇಲಾದವರ ಪೇಡೆ

ಕರಾಟೆ ಕಲಿಸುವವನನ್ನು ಜನ ಸ್ವಲ್ಪ ಹೆದರಿಕೆಯಿಂದ ನೋಡುತ್ತಾರೆ ಅಂದುಕೊಂಡೇ ನಾನು ಆ ಬಿಳಿ ಅಂಗಿ ಹಾಕಿದ್ದು. ಭಟ್ಕಳ, ಹೊನ್ನಾವರ, ಕುಮಟಾ ಅಂತ ವಾರಕ್ಕೆ ಮೂರು ಊರು ಬಸ್ಸಲ್ಲಿ ಸುತ್ತಿ ಏಳೆಂಟು ವರ್ಷ ಕ್ಲಾಸು ನಡೆಸಿದೆ; ಯಾರೂ ಹೆದರಲಿಲ್ಲ, ನಕ್ಕವರೇ ಹೆಚ್ಚು. ತಪ್ಪು ನನ್ನದೇ. ಸೋಲು ಅಂದರೆ ಪ್ರಗತಿ ಅಂತ ಹೇಳಿ ಒಂದು ಪದ್ಧತಿ ಮಾಡಿಟ್ಟಿದ್ದೆ. ಬೆಲ್ಟ್ ಪರೀಕ್ಷೆಯಲ್ಲಿ ಫೇಲಾದವರು ಎಲ್ಲರಿಗೂ ಸಿಹಿ ಕೊಡಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಪಾಸಾದವರನ್ನು ಕೇಳುವವರೇ ಇರಲಿಲ್ಲ.

ಹೊನ್ನಾವರದ ಹಂಚು

ಹೊನ್ನಾವರದಲ್ಲಿ ಕ್ಲಾಸು ಶುರುಮಾಡಿದ ದಿನ, ಜನ ಸೇರಲಿ ಅಂತ ಐದು ಹಂಚು ಒಂದರ ಮೇಲೊಂದಿಟ್ಟು ಕೈಯಲ್ಲಿ ಒಡೆಯಲು ಹೋದೆ. ಒಂದೂ ಒಡೆಯಲಿಲ್ಲ. ಕೈ ಬಾತುಕೊಂಡಿತು. ನೋವು ನುಂಗಿ, "ಇದು ಸೋಲಲ್ಲ, ಪ್ರಗತಿ" ಅಂದೆ.

ಹಂಚನ್ನು ಪುಕ್ಕಟೆ ಕೊಟ್ಟ ಅಂಗಡಿಯವರು ಮುಂದಿನ ಸಾಲಲ್ಲೇ ಕೂತಿದ್ದರು. ಎದ್ದು ಜನರ ಕಡೆ ತಿರುಗಿ, "ಕಂಡ್ರಲ್ಲ, ಇದು ನಮ್ಮ ಅಂಗಡಿ ಹಂಚು. ಮಳೆಗಾಲದ ಒಳಗೆ ಬಂದು ಎಷ್ಟು ಬೇಕು ಹೇಳಿ ಹೋಗಿ" ಅಂದರು. ಅವತ್ತು ನನ್ನ ಕ್ಲಾಸಿಗೆ ಇಬ್ಬರು ಸೇರಿದರು. ಉಳಿದವರೆಲ್ಲ ಹಂಚಿನ ಅಂಗಡಿಯವರ ಹಿಂದೆ ಹೋದರು.

ಭಟ್ಕಳದ ಹಲ್ವಾ

ಭಟ್ಕಳದಲ್ಲಿ ನಲವತ್ತು ದಾಟಿದ ಬಟ್ಟೆ ವ್ಯಾಪಾರಿಯೊಬ್ಬರು ಹೊಟ್ಟೆ ಇಳಿಸಲು ಬರುತ್ತಿದ್ದರು. ಹಳದಿ ಬೆಲ್ಟಿನಲ್ಲಿ ಮೂರು ಸಲ ಫೇಲು. ಪ್ರತಿ ಸಲ ಹಲ್ವಾ, ಪ್ರತಿ ಸಲ ಚಪ್ಪಾಳೆ. ನಾಲ್ಕನೇ ಸಲ ಹೇಗೋ ಪಾಸಾದರು. ಮುಖ ಸಪ್ಪೆ ಮಾಡಿಕೊಂಡು ನನ್ನನ್ನು ಬದಿಗೆ ಕರೆದರು.

"ಮಾಸ್ತರೇ, ಇನ್ನೊಮ್ಮೆ ನೋಡಿ. ಎಲ್ಲಾದರೂ ತಪ್ಪು ಇರಬೇಕು."

"ಪಾಸಾಗಿದ್ದೀರಿ ಮಾರಾಯ್ರೆ."

"ಹಲ್ವಾ ತಂದುಬಿಟ್ಟಿದ್ದೇನಲ್ಲ" ಅಂದರು.

ಕುಮಟಾದ್ದು

ಇದನ್ನು ಹೇಳಬಾರದು ಅಂತಿದ್ದೆ. ಹೇಳದಿದ್ದರೆ ಮೊದಲಿನ ಎರಡನ್ನೂ ಹೇಳುವ ಹಕ್ಕು ನನಗಿಲ್ಲ.

ಕುಮಟಾದ ಕ್ಲಾಸಿಗೆ ಹತ್ತಿರದ ಬಾಡ ಅನ್ನುವ ಊರಿಂದ ಒಬ್ಬಳು ಸೈಕಲ್ಲಲ್ಲಿ ಬರುತ್ತಿದ್ದಳು. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ. ಬ್ರೌನ್ ಬೆಲ್ಟ್ ಸಿಕ್ಕಿದರೆ ಜೂನಿನಿಂದ ಮಕ್ಕಳಿಗೆ ಕರಾಟೆ ಕಲಿಸಲು ತಗೊಳ್ತೇವೆ ಅಂತ ಒಂದು ಶಾಲೆಯವರು ಅವಳಿಗೆ ಹೇಳಿದ್ದರು. ಗುಂಡಿ ಸಾಕಾಗಿತ್ತು ಅವಳಿಗೆ.

ಪರೀಕ್ಷೆ ಮಾಡಲು ಹೊರಗಿನವರು ಬಂದು ಅಂಕ ಕೊಟ್ಟು ಹೋಗುತ್ತಿದ್ದರು. ಫೇಲಾದಳು. "ಸರ್, ಎಂತ ತಪ್ಪಾತು?" ಅಂತ ಕೇಳಿದಳು. ನಾನು ಸರಿಯಾಗಿ ನೋಡಿದ್ದರೆ ತಾನೇ ಹೇಳಲು? "ತಪ್ಪಲ್ಲ, ಪ್ರಗತಿ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲ ಪೇಡೆ ಡಬ್ಬಿ ನನ್ನ ಮುಂದೆ ಹಿಡಿದು, "ತಿನ್ನಿ ಸರ್. ಬಾಯಿ ತುಂಬಿದ್ರೆ ಉತ್ತರ ಹೇಳುದು ಬೇಡ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎರಡು ಪೇಡೆ ತಿಂದೆ. ಮರುವಾರದಿಂದ ಅವಳು ಬರಲಿಲ್ಲ.

ಜೂನ್ ಬಂತು. ಆ ಶಾಲೆಯವರು ಕಲಿಸಲು ಬನ್ನಿ ಅಂತ ನನಗೇ ಹೇಳಿಕಳಿಸಿದರು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಮೊದಲ ವಾರವೇ ಒಂದು ಮಗು ತಿರುಗುವಾಗ ಹಿಂದಿನ ಕಾಲಿನ ಹಿಮ್ಮಡಿ ಎತ್ತಿ ವಾಲಿತು. ನನಗೆ ತಟ್ಟನೆ ಹೊಳೆಯಿತು, ಅವಳೂ ಹೀಗೇ ವಾಲುತ್ತಿದ್ದಳು. ಮೂರು ವರ್ಷ ನನ್ನ ಕಣ್ಣೆದುರಿಗೇ ವಾಲಿದ್ದಳು. ಶಾಲೆ ಬಿಟ್ಟ ಕೂಡಲೆ ಬಾಡಕ್ಕೆ ಹೋದೆ.

ಜಗುಲಿಯಲ್ಲಿ ಮೀನು ಹೆಚ್ಚುತ್ತಿದ್ದಳು. ಹಿಮ್ಮಡಿಯ ಸಂಗತಿ ಹೇಳಿದೆ. ಕೈ ಒರೆಸಿಕೊಂಡು, ಹಿಮ್ಮಡಿ ಊರಿ, ಅಲ್ಲೇ ಒಮ್ಮೆ ತಿರುಗಿದಳು. ಕಂಬದ ಹಾಗೆ ನಿಂತಳು.

"ಇಷ್ಟೇಯಾ ಸರ್?"

"ಇಷ್ಟೇ."

"ಈಗ ಹೆಂಗೆ ತಿಳಿತು ನಿಮಗೆ?"

"ಶಾಲೆಯಲ್ಲಿ ಒಂದು ಮಗು ಹಾಗೇ ಮಾಡ್ತು."

"ಯಾವ ಶಾಲೆ?"

ಹೇಳಲೇಬೇಕಾಯಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ನಕ್ಕಳು.

"ನೀವು ಹೇಳಿದ್ದು ಖರೆ ಸರ್. ನಾ ಮೂರು ಸಲ ಫೇಲಾದೆ, ಪ್ರಗತಿ ಆತು. ನಿಮಗೆ ಆತು, ಅಷ್ಟೆ."