ಕಪ್ಪು ಮಸಿಯ ಕೆಳಗಿನ ಮೂರು ಚುಕ್ಕೆ

ನಾನು ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಇದನ್ನು ಕೇಳಿದವರೆಲ್ಲ ನನ್ನ ಜ್ಞಾಪಕಶಕ್ತಿ ಬಹಳ ಗಟ್ಟಿ ಇರಬೇಕು ಎಂದುಕೊಳ್ಳುತ್ತಾರೆ. ಊರುಗೋಲು ಹಿಡಿದವನನ್ನು ಕಂಡು ಒಳ್ಳೆಯ ನಡಿಗೆಗಾರನಿರಬೇಕು ಎಂದುಕೊಂಡ ಹಾಗೆ. ನೆನಪಿನ ಮೇಲೆ ನಂಬಿಕೆಯಿಲ್ಲದವನೇ ಬರೆದಿಡುತ್ತಾನೆ. ಆದರೆ ಬರೆಯುವಾಗಲೂ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ನಿರ್ಧರಿಸುವುದು ಅದೇ ನಂಬಿಕೆಗೆಟ್ಟ ಮನುಷ್ಯ ಎಂಬುದು ನನಗೆ ಹೊಳೆದದ್ದು ಒಂದು ಮರ ಹೋದ ಮೇಲೆ.

ಮರ ನಮ್ಮದಲ್ಲ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಮನೆಗೂ ಪಕ್ಕದ ಸದಾನಂದ ಶೆಟ್ಟರ ಮನೆಗೂ ನಡುವೆ, ಫುಟ್‌ಪಾತ್ ಪಕ್ಕದ ಹುಲ್ಲಿನ ಪಟ್ಟಿಯಲ್ಲಿ ಅದು ನಿಂತಿತ್ತು. ಆ ಪಟ್ಟಿ ಕೌನ್ಸಿಲ್‌ನದು, ಹುಲ್ಲು ಕತ್ತರಿಸುವ ಕೆಲಸ ಮಾತ್ರ ನಮ್ಮದು. ಮರದ ಹೆಸರು ಗೊತ್ತಿಲ್ಲದ ನನ್ನ ಹೆಂಡತಿ ವಸುಧಾ ಅದನ್ನು ಹೊಂಗೆ ಎಂದು ಕರೆಯುತ್ತಿದ್ದಳು. ಹೊಂಗೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಿಡ್ನಿ ಬಿಟ್ಟು ಇಲ್ಲಿಗೆ ಬಂದ, ಮಾತನಾಡಿಸುವವರಿಲ್ಲದ ಮೊದಲ ವರ್ಷ ಅವಳು ಅಡುಗೆಮನೆಯ ಕಿಟಕಿಯಿಂದ ಅದರ ನೆರಳು ನೋಡಿಯೇ ಮಗಳನ್ನು ಶಾಲೆಯಿಂದ ಕರೆತರುವ ಹೊತ್ತಾಯಿತೆಂದು ತಿಳಿಯುತ್ತಿದ್ದಳಂತೆ. ನೀರಿಗೆ ನಿರ್ಬಂಧ ಬಂದು ತೋಟಕ್ಕೆ ಪೈಪ್ ಹಿಡಿಯಬಾರದು ಎಂದಾದಾಗ ಶೆಟ್ಟರು ಸ್ನಾನದ ನೀರನ್ನು ಬಕೆಟ್‌ನಲ್ಲಿ ಹಿಡಿದು ತಂದು ಅದರ ಬುಡಕ್ಕೆ ಸುರಿಯುತ್ತಿದ್ದರು. ಕಾರಿನ ಮೇಲೆ ಎಲೆ ಉದುರಿಸುತ್ತದೆಂದು ಅದನ್ನು ಬೈಯುತ್ತಲೂ ಇದ್ದರು. ಬೈಗುಳವೂ ನೀರೂ ಒಂದೇ ಬಕೆಟ್‌ನಲ್ಲಿ ಬರುತ್ತಿದ್ದವು.

ಒಂದು ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮರವಿರಲಿಲ್ಲ. ಅದರ ಜಾಗದಲ್ಲಿ ಮರದ ಹೊಟ್ಟಿನ ಗುಡ್ಡೆ ಇತ್ತು. ವಸುಧಾ ಕಿಟಕಿಯ ಪರದೆ ಎಳೆದಳು. ಕೌನ್ಸಿಲ್‌ಗೆ ಫೋನ್ ಮಾಡಿದರೆ, ನಿವಾಸಿಯೊಬ್ಬರ ದೂರಿನ ಮೇಲೆ ತೆಗೆದಿದ್ದೇವೆ, ಯಾರೆಂದು ಹೇಳುವಂತಿಲ್ಲ ಎಂದರು. ಬಿಟ್ಟುಬಿಡಿ ಎಂದಳು ವಸುಧಾ. ಬಿಡುವ ಜಾತಿಯವನಲ್ಲ ನಾನು. ನಮ್ಮಪ್ಪ ಕಡೂರಿನಲ್ಲಿ ಪುರಸಭೆಯ ರಿಜಿಸ್ಟರಿನ ಒಂದು ಪುಟ ನೋಡುವುದಕ್ಕೆ ಇಡೀ ಬೇಸಿಗೆ ಓಡಾಡಿದ್ದರು. ಗುಮಾಸ್ತರು ಸಿಕ್ಕ ದಿನ ಬೀರುವಿನ ಬೀಗದ ಕೈ ಇರುತ್ತಿರಲಿಲ್ಲ, ಬೀಗದ ಕೈ ಇದ್ದ ದಿನ ಗುಮಾಸ್ತರು ಇರುತ್ತಿರಲಿಲ್ಲ. ಕಡೆಗೂ ಪುಟ ನೋಡಿದರೋ ಇಲ್ಲವೋ ನನಗೆ ಖಚಿತವಿಲ್ಲ. ಅವರು ನೋಡಿದೆ ಎನ್ನುತ್ತಿದ್ದರು.

ಇಲ್ಲಿ ಅಷ್ಟು ಕಷ್ಟವಿಲ್ಲ. ಕೌನ್ಸಿಲ್ ಕಡತವನ್ನು ಯಾರು ಬೇಕಾದರೂ ಕೇಳಬಹುದು, ಅದಕ್ಕೆ ಕಾನೂನಿದೆ, ಕಾನೂನಿಗೊಬ್ಬ ಅಧಿಕಾರಿಯಿದ್ದಾರೆ. ಬರವಣಿಗೆಯಲ್ಲಿ ಕೇಳಬೇಕು, ಸಣ್ಣದೊಂದು ಶುಲ್ಕ ಕಟ್ಟಬೇಕು, ಯಾವ ಕಾಗದ ಬೇಕೆಂದು ಸ್ಪಷ್ಟವಾಗಿ ಹೇಳಬೇಕು. ಈ ಮೂರನೆಯದರಲ್ಲಿ ನಾನು ಎಡವಿದೆ. ನನ್ನ ಮೊದಲ ಅರ್ಜಿ ಮರದ ಮಹತ್ವದ ಬಗ್ಗೆ ಎರಡು ಪುಟ ಇತ್ತು. ಅಧಿಕಾರಿಣಿ ಫೋನ್ ಮಾಡಿ, ಬಹಳ ಸೌಜನ್ಯದಿಂದ, ನಿಮ್ಮ ದುಃಖ ಅರ್ಥವಾಯಿತು, ಯಾವ ವಿಳಾಸದ ಮರ, ಯಾವ ವರ್ಷಗಳ ಕಾಗದ ಎಂದಷ್ಟೇ ಬರೆಯಿರಿ ಎಂದರು. ಬರೆದೆ. ಕೆಳಗೆ ಈಗಿನ ನನ್ನ ಹೆಸರು ಹಾಕಿದೆ: ಪಿ. ಶಾಮಣ್ಣ.

ಈ ಹೆಸರಿನ ಬಗ್ಗೆ ಸ್ವಲ್ಪ ಹೇಳಬೇಕು. ಊರಿನಲ್ಲಿ ನಾನು ಕೆ. ಎಸ್. ಪ್ರಕಾಶ. ಕೆ ಎಂದರೆ ಕಡೂರು, ಎಸ್ ಎಂದರೆ ಅಪ್ಪ ಶಾಮಣ್ಣ. ಮೊದಲು ಸಿಡ್ನಿಗೆ ಬಂದಿಳಿದಾಗ ಸರ್‌ನೇಮ್ ಎಂಬ ಖಾನೆ ತುಂಬಬೇಕಾಗಿ ಬಂತು. ಊರನ್ನು ಬಿಟ್ಟು ಅಪ್ಪನನ್ನು ಹಾಕಿದೆ. ಅಂದಿನಿಂದ ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಎಲ್ಲರೂ ನನ್ನನ್ನು ಮಿಸ್ಟರ್ ಶಾಮಣ್ಣ ಎಂದು ಕರೆಯತೊಡಗಿದರು. ಪ್ರತಿ ಸಲವೂ ಅಪ್ಪ ಬಂದರೇನೋ ಎಂದು ಎದ್ದು ನಿಲ್ಲುವಂತಾಗುತ್ತಿತ್ತು. ಆದರೂ ಕಾಗದದ ಕೆಳಗೆ ಬರೆಯುವ ಹೆಸರು, ಸಹಿ ಮಾತ್ರ ವರ್ಷಗಟ್ಟಲೆ ಹಳೆಯವೇ ಉಳಿದವು. ಸಿಟಿಜನ್ ಆದ ಮೇಲೆ ಕೈಯೂ ಶಾಮಣ್ಣನಾಯಿತು.

ನಲವತ್ತೈದು ದಿನದೊಳಗೆ ದಪ್ಪನೆಯ ಲಕೋಟೆ ಬಂತು. ಮರಕ್ಕೊಂದು ನಂಬರಿತ್ತು, ಬಾಯಿಗೆ ಬಾರದ ಹೆಸರಿತ್ತು, ಬೇರಿನ ಅಳತೆಯಿತ್ತು. ಕಡೆಯಲ್ಲಿ ಆರು ವರ್ಷದ ಹಿಂದಿನ ದೂರಿನ ಪ್ರತಿ. ಅದರ ಸರದಿ ಈಗ ಬಂದಿತ್ತು. ಬೇರಿನಿಂದ ಫುಟ್‌ಪಾತ್ ಎದ್ದಿದೆ, ಮಗು ಬಿದ್ದು ಮಂಡಿಗೆ ಗಾಯವಾಗಿದೆ ಎಂದು ಟೈಪ್ ಮಾಡಿತ್ತು. ಮೂರನೆಯವರ ಖಾಸಗಿ ವಿವರವೆಂದು ಹೆಸರು, ವಿಳಾಸ, ಸಹಿಗಳ ಮೇಲೆ ದಪ್ಪ ಕಪ್ಪು ಮಸಿ ಎಳೆದಿದ್ದರು. ಆದರೆ ಕೊನೆಯ ಸಾಲು ಹಾಗೇ ಉಳಿದಿತ್ತು: ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ಆಬ್ಲೈಜ್.

ಹೀಗೆ ಬರೆಯುವ ಆಸ್ಟ್ರೇಲಿಯನ್ ಇನ್ನೂ ಹುಟ್ಟಿಲ್ಲ. ಆರು ವರ್ಷದ ಹಿಂದೆ ನಮ್ಮ ರಸ್ತೆಯಲ್ಲಿದ್ದ ಭಾರತೀಯರ ಮನೆ ಎರಡೇ. ಒಂದು ನಮ್ಮದು.

ನಾನು ಶೆಟ್ಟರನ್ನು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ದೀಪಾವಳಿಗೆಂದು ಕನ್ನಡದವರೆಲ್ಲ ಶಾಲೆಯ ಹಾಲ್‌ನಲ್ಲಿ ಸೇರಿದ್ದಾಗ, ಊಟದ ಸಾಲಿನಲ್ಲಿ, ಆ ಪ್ರತಿಯನ್ನು ಜೇಬಿನಿಂದ ತೆಗೆದು ನಾಲ್ಕು ಜನಕ್ಕೆ ತೋರಿಸಿದೆ. ಶೆಟ್ಟರೂ ನೋಡಿದರು. ಆಗ ನಾನು, "ಕೆಲವರು ಮರಕ್ಕೆ ನೀರೂ ಹಾಕ್ತಾರೆ, ಅರ್ಜಿನೂ ಹಾಕ್ತಾರೆ" ಎಂದೆ. ಯಾರೋ ನಕ್ಕರು. ಶೆಟ್ಟರು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟು, ತಟ್ಟೆ ಹಿಡಿದು ಹೊರಗೆ ಹೋದರು. ಉತ್ತರವಿಲ್ಲದವನೇ ಸುಮ್ಮನಾಗುವುದು ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ವಾಕ್ಯ ಚೆನ್ನಾಗಿದೆ ಎಂದು ಆಗ ಅನ್ನಿಸಿತ್ತು.

ಆಮೇಲೆ ಎರಡು ಮನೆಗಳ ನಡುವಿನ ಬೇಲಿ ಇದ್ದದ್ದಕ್ಕಿಂತ ಎತ್ತರವಾಯಿತು. ಶೆಟ್ಟರ ಹೆಂಡತಿ ಶೈಲಜಾರ ನೀರುದೋಸೆ ಬರುವುದು ನಿಂತಿತು. ಹೊಸ ವರ್ಷದ ಶಾಲೆಯ ಫಾರಂ ಬಂತು. ಮಗಳಿಗೆ ಏನಾದರೂ ಆಗಿ ನಾವಿಬ್ಬರೂ ಸಿಗದಿದ್ದರೆ ಯಾರನ್ನು ಕರೆಯಬೇಕು ಎಂಬ ಖಾನೆಯಲ್ಲಿ ವಸುಧಾ ಎಂದಿನಂತೆ ಶೆಟ್ಟರ ಹೆಸರು ಬರೆದಿಟ್ಟಿದ್ದಳು. ನಾನು ವೈಟ್‌ನರ್ ತಂದು ಅದನ್ನು ಬಿಳಿ ಮಾಡಿದೆ.

ಅವಳು ಪೆನ್ನು ಕೈಗೆತ್ತಿಕೊಂಡಳು. "ಸರಿ. ಈಗ ಯಾರ ಹೆಸರು ಬರೀಲಿ, ಹೇಳಿ."

ನಾನು ಯೋಚಿಸಿದೆ. ಆಫೀಸಿನವರೆಲ್ಲ ದೂರ. ಸಿಡ್ನಿಯಲ್ಲಿ ಒಬ್ಬ ಗೆಳೆಯನಿದ್ದಾನೆ, ಶಾಲೆಯವರು ಕರೆದರೆ ಅವನು ಮರುದಿನ ತಲುಪಬಹುದು. ಆ ಖಾನೆ ವಾರಗಟ್ಟಲೆ ಬಿಳಿಯಾಗಿಯೇ ಉಳಿಯಿತು. ಈ ಮಹಾನಗರದಲ್ಲಿ ನನ್ನ ಮಗಳನ್ನು ಆಸ್ಪತ್ರೆಗೆ ಒಯ್ಯುವ ಒಬ್ಬನೇ ಮನುಷ್ಯನನ್ನು ನಾನು ಒಂದು ವಾಕ್ಯಕ್ಕಾಗಿ ಕಳೆದುಕೊಂಡಿದ್ದೆ.

ಕಡೆಗೆ ವಸುಧಾ, ಕೊಡಿ ಇಲ್ಲಿ, ಆ ಕಾಗದದಲ್ಲಿ ಅಂಥದ್ದೇನಿದೆ ನಾನೂ ನೋಡ್ತೀನಿ ಎಂದು ದೂರಿನ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮರವಿಲ್ಲದ್ದರಿಂದ ಬೆಳಕು ಧಾರಾಳವಾಗಿತ್ತು. ಬಹಳ ಹೊತ್ತಿನ ಮೇಲೆ ಕರೆದಳು.

"ಇದೇನ್ರೀ ಇದು, ಮಸಿ ಕೆಳಗೆ?"

ಸಹಿಯ ಮೇಲೆ ಮಸಿ ಎಳೆದವರು ಸಹಿಯ ಕೆಳಗಿನದನ್ನು ಬಿಟ್ಟಿದ್ದರು. ಅಲ್ಲೊಂದು ಗೆರೆ, ಗೆರೆಯ ಕೆಳಗೆ ಮೂರು ಚುಕ್ಕೆ. ನಮ್ಮ ಕಡೆ ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುವವರು ಬೇಕಾದಷ್ಟು ಜನ. ಕಡೂರಿನ ಹೈಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟರು ಮಾತ್ರ ಊರಿಗೊಂದು, ಅಪ್ಪನಿಗೊಂದು, ನಿನಗೊಂದು ಎಂದು ಮೂರು ಇಡಿಸಿದ್ದರು. ಮದುವೆಯ ರಿಜಿಸ್ಟರಿನಲ್ಲಿ ನನ್ನ ಸಹಿಯ ಆ ಮೂರನ್ನು ನೋಡಿ ವಸುಧಾ ನಕ್ಕಿದ್ದಳು. ಈಗ ನಗಲಿಲ್ಲ.

ನಾನು ಆ ವರ್ಷದ ದಿನಚರಿ ತೆಗೆದೆ. ದೂರಿನ ತಾರೀಕಿನ ಪುಟದಲ್ಲಿ ಹೀಗಿತ್ತು: ಮನೆ ಮುಂದಿನ ಮರದಲ್ಲಿ ಹೊಸ ಚಿಗುರು, ಮನಸ್ಸಿಗೆ ಸಮಾಧಾನ. ದೂರಿನ ಸುದ್ದಿಯೇ ಇರಲಿಲ್ಲ. ಮಗಳ ಮಂಡಿಯ ರಕ್ತ ನನಗೆ ನೆನಪಿದೆ, ಆದರೆ ನನ್ನ ನೆನಪಿನಲ್ಲಿ ಅದು ಸಿಡ್ನಿಯಲ್ಲಿ ನಾವು ಮೊದಲಿದ್ದ ಫ್ಲ್ಯಾಟಿನ ಮೆಟ್ಟಿಲ ಮೇಲೆ ಆದದ್ದು.

ಅಧಿಕಾರಿಣಿಗೆ ಫೋನ್ ಮಾಡಿದೆ. ಹೆಸರು ಎರಡಿದ್ದುದರಿಂದ ಜನವೂ ಇಬ್ಬರು ಎಂದುಕೊಂಡರಂತೆ. ವಿಳಾಸ ಒಂದೇ ಇದ್ದರೂ, ಆ ಇನ್ನೊಬ್ಬ ಹಿಂದಿನ ಬಾಡಿಗೆದಾರ ಇರಬೇಕೆಂದು ಅವನ ಗೋಪ್ಯತೆಯನ್ನು ನನ್ನಿಂದ ಕಾಪಾಡಿದ್ದರು. ನೀವೇ ಅವರೆಂದು ತೋರಿಸಿದರೆ ಮಸಿಯಿಲ್ಲದ ಪ್ರತಿ ಕೊಡುತ್ತೇನೆ, ಗುರುತಿನ ದಾಖಲೆ ತನ್ನಿ ಎಂದರು. ಪಾಸ್‌ಪೋರ್ಟ್, ಲೈಸೆನ್ಸ್, ಮಾರ್ಟ್‌ಗೇಜ್ ಎಲ್ಲವೂ ಶಾಮಣ್ಣನವು. ಕೆ. ಎಸ್. ಪ್ರಕಾಶ ಎಂಬವನಿಗೆ ಈ ದೇಶದಲ್ಲಿ ಇರುವ ದಾಖಲೆ ಒಂದೇ. ಅದು ಮಸಿಯ ಕೆಳಗಿದೆ.

ಅಂದೇ ಸಂಜೆ ಶೆಟ್ಟರ ಬಾಗಿಲು ತಟ್ಟಿದೆ. ಶಾಲೆಯ ಫಾರಂ ಕೈಯಲ್ಲಿತ್ತು. ಹೆಸರುಬೇಳೆ ಪಾಯಸದ ಡಬ್ಬಿ ಹಿಡಿದು ವಸುಧಾ ಹಿಂದಿದ್ದಳು. ದೂರು ಕೊಟ್ಟವನು ನಾನೇ ಎಂದು ಹೇಳಿದೆ.

"ಅದು ನನಗೆ ಗೊತ್ತುಂಟು" ಎಂದರು ಶೆಟ್ಟರು. "ನೀವೇ ಅಲ್ವಾ ಆಗ ನನ್ನ ಹತ್ರವೂ ಸಹಿ ಕೇಳ್ಲಿಕ್ಕೆ ಬಂದದ್ದು? ಒಳ್ಳೆ ಮರ, ಎಂತಕ್ಕೆ ಕಡಿಸುದು ಅಂತ ಹೇಳಿ ನಾನು ಹಾಕ್ಲಿಲ್ಲ."

ಹಾಗಾದರೆ ಹಾಲ್‌ನಲ್ಲಿ ಎಲ್ಲರೆದುರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ? ನಿಮಗೆ ಕಾಗದ ಬೇಕಲ್ಲ ಮಾರಾಯ್ರೆ. ಕಾಗದ ನಿಮ್ಮ ಕೈಯಲ್ಲೇ ಇತ್ತು." ಮತ್ತೆ ಹೇಳಿದರು: "ಬೇಜಾರಾಗಿದೆ. ಆಗ್ಲಿಲ್ಲ ಅಂತ ಹೇಳುದಿಲ್ಲ."

ನಾನು ಫಾರಂ ಮುಂದೆ ಹಿಡಿದೆ. ವೈಟ್‌ನರ್ ಒಣಗಿದ ಜಾಗದಲ್ಲಿ ಪೆನ್ನು ಜಾರುತ್ತಿದ್ದರಿಂದ ಅವರ ಹೆಸರನ್ನು ಎರಡು ಸಲ ತಿದ್ದಿ ಬರೆದಿದ್ದೆ. ಸಂಬಂಧ ಎಂಬಲ್ಲಿ ಅಂಕಲ್ ಎಂದಿತ್ತು. ಅವರು ಕನ್ನಡಕ ತರಿಸಿ ಮೊದಲಿಂದ ಕೊನೆಯವರೆಗೆ ಓದಿದರು. ಮರ ಕಡಿಯುವ ವಿಷಯ ಇದರಲ್ಲಿ ಇಲ್ಲವಷ್ಟೇ ಎಂದು ಕೇಳಿದರು. ಸಹಿ ಹಾಕಿ, ಒಂದು ಕಾಪಿ ಇಟ್ಟುಕೊಳ್ಳಿ, ಆರು ವರ್ಷ ಕಳೆದ ಮೇಲೆ ಇದು ಯಾರದೆಂದು ನೀವೇ ಹುಡುಕಿಕೊಂಡು ಬರುತ್ತೀರಿ ಎಂದರು.

ಅಂದರೆ, ಹಾಗೆಂದರು ಎಂದು ನನ್ನ ನೆನಪು. ವಸುಧಾ ಒಪ್ಪುವುದಿಲ್ಲ. ಅವರು ಅಷ್ಟೆಲ್ಲ ಮಾತಾಡಲೇ ಇಲ್ಲ, ಸಹಿ ಹಾಕಿ, ಒಳಗೆ ಬನ್ನಿ ಅಂದರು, ಅಷ್ಟೇ ಎನ್ನುತ್ತಾಳೆ. ಕಾಪಿಯ ಮಾತು ನಾನೇ ಮನೆಗೆ ಬಂದ ಮೇಲೆ ಕಟ್ಟಿದ್ದಂತೆ. ಇರಬಹುದು. ದಿನಚರಿಯಲ್ಲಿ ಅವಳು ಹೇಳಿದ್ದನ್ನೇ ಬರೆದಿದ್ದೇನೆ, ಕೆಳಗೆ ಅವಳಿಂದಲೇ ಸಹಿ ಹಾಕಿಸಿಕೊಂಡಿದ್ದೇನೆ.