ನೀರು ಸ್ಕೂಟರ್ ಮತ್ತು ಗಬ್ಬದ ಕುರಿಗಳು

ಹಗಲುಗನಸು ಕಾಣುವುದರಲ್ಲಿ ನನ್ನನ್ನು ಮೀರಿಸುವವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ ಸಿಗಲಾರರು. ಇದು ಜಂಬವಲ್ಲ, ನಮ್ಮ ಕಾಲೇಜಿನ ಮೇಷ್ಟ್ರುಗಳೂ ಒಪ್ಪಿಕೊಂಡ ಸಂಗತಿ. ಕೆಲವರಿಗೆ ಕನಸು ಬೀಳಲು ಹಾಸಿಗೆ, ದಿಂಬು, ಕತ್ತಲೆ ಎಲ್ಲ ಬೇಕು. ನನಗೆ ಒರಗಿಕೊಳ್ಳಲು ಒಂದು ಗೋಡೆ ಸಾಕು. ಈ ಸಲದ ರಜೆಯಲ್ಲಂತೂ ಗೋಡೆಯೂ ಬೇಕಾಗಲಿಲ್ಲ. ಹೊಸಬಾಳೆಯಲ್ಲಿ ಚಿಕ್ಕಪ್ಪನ ಶೆಡ್ಡಿನೊಳಗೆ ನಿಂತಿದ್ದ ನೀರು ಸ್ಕೂಟರಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು, ಕಣ್ಣು ಅರ್ಧ ಮುಚ್ಚಿದರೆ ಆಯಿತು. ಶೆಡ್ಡಿನ ತಗಡು ಕರಗಿ ಆಕಾಶವಾಗುತ್ತಿತ್ತು. ಮೆಕ್ಕೆಜೋಳದ ರಾಶಿ ಮರಳ ದಂಡೆಯಾಗುತ್ತಿತ್ತು. ಊರ ಕೆರೆ ಮೆಲ್ಲಗೆ ಹಿಗ್ಗಿ ಹಿಗ್ಗಿ ಸಮುದ್ರವಾಗಿ, ಅದರ ನಡುವೆ ನಾನು ಬಿಳಿ ನೊರೆಯ ಗೆರೆ ಎಳೆಯುತ್ತ ಹೋಗುತ್ತಿದ್ದೆ. ದಡದಲ್ಲಿ ನಮ್ಮ ಕ್ಲಾಸಿನವರೆಲ್ಲ ಕೈ ಬೀಸುತ್ತಿದ್ದರು. ಫಿಸಿಕ್ಸ್ ಮೇಷ್ಟ್ರು ಮಾತ್ರ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರನ್ನು ಅಲ್ಲಿ ಯಾಕೆ ನಿಲ್ಲಿಸಿದೆನೋ, ನನಗೂ ಗೊತ್ತಿಲ್ಲ.

ನೀರು ಸ್ಕೂಟರ್ ಎಂದರೆ ಬೀಚುಗಳಲ್ಲಿ ಜನರನ್ನು ಕೂರಿಸಿಕೊಂಡು ಬುರ್ರನೆ ಹೋಗುತ್ತದಲ್ಲ, ಅದೇ. ಹೊನ್ನಾವರದ ಕಡೆ ಎರಡು ಟಗರು ಮಾರಲು ಹೋದ ಚಿಕ್ಕಪ್ಪ, ಅಲ್ಲಿ ಯಾರದೋ ಹೋಟೆಲಿನ ಹಿತ್ತಲಿನಲ್ಲಿ ಬಿದ್ದಿದ್ದ ಇದನ್ನು ಕಂಡು ಮನಸೋತು, ಟಗರು ಕೊಟ್ಟು ಇದನ್ನು ಹೇರಿಕೊಂಡು ಬಂದಿದ್ದ. ಆ ಟಗರುಗಳನ್ನು ಕೊಂಬಿಗೆ ಎಣ್ಣೆ ಹಚ್ಚಿ ಸಾಕಿದ್ದವಳು ಚಿಕ್ಕಮ್ಮ. ಪಿಕಪ್ಪಿನ ಮೇಲಿನ ತಾಡಪಾಲು ಸರಿಸಿದಾಗ ಅವಳು ಬಗ್ಗಿ ಅದರ ಹಿಂದೆಮುಂದೆಲ್ಲ ಹುಡುಕಿದಳು.

"ಟಗರು ಎಲ್ರೀ?"

"ಇದೇ."

"ಇದೆಂತ ತಿಂತದೆ?"

"ಪೆಟ್ರೋಲು."

"ಮರಿ ಹಾಕ್ತದಾ?"

"ಏ, ಸುಮ್ನಿರೇ."

"ಹೋಗ್ಲಿ, ಓಡ್ತದಾ?"

ಚಿಕ್ಕಪ್ಪ ಆಕಾಶ ನೋಡಿದ. "ಸದ್ಯಕ್ಕೆ ಇಲ್ಲ ಮಾರಾಯ್ತಿ."

ಅವತ್ತೇ ಚಿಕ್ಕಮ್ಮನ ತೀರ್ಪು ಹೊರಬಿತ್ತು. ಗಬ್ಬದ ಕುರಿಗಳು ಇನ್ನೇನು ಮರಿ ಹಾಕುವುದರಲ್ಲಿದ್ದವು. ಅವಕ್ಕೆ ಬೆಚ್ಚಗಿನ ಜಾಗ ಬೇಕು. ಅಮಾವಾಸ್ಯೆಯ ಸಂಜೆಯೊಳಗೆ ಇದು ಚಾಲೂ ಆದರೆ ಶೆಡ್ಡು ಇದಕ್ಕೆ. ಆಗದಿದ್ದರೆ ಇದು ಗುಜರಿಗೆ, ಶೆಡ್ಡು ಕುರಿಗಳಿಗೆ. ಚಿಕ್ಕಪ್ಪನ ಮುಖ ಮಳೆಗೆ ಸಿಕ್ಕ ಹಪ್ಪಳದಂತಾಯಿತು. ಆಗ ನಾನು ಎದ್ದು ನಿಂತೆ. "ಚಿಕ್ಕಪ್ಪಾ, ಇಂಜಿನ್ ನಂಗೆ ಬಿಡು" ಎಂದೆ. ಫೋನಿನಲ್ಲಿ ನೋಡದ ವಿಡಿಯೋ ಇಲ್ಲ ಎನ್ನುವಷ್ಟು ನೋಡಿದ್ದೆ. ನಿಜವಾದ ಇಂಜಿನನ್ನು ಮುಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾರ್ಬ್ಯುರೇಟರ್ ಬಿಚ್ಚಿದರೆ ಅದರ ಹಿಂದೆ ಪುಟ್ಟ ಮನೆಯ ಮಾಡಿನಂಥ ಒಂದು ಗೂಡು. ಅದರ ಎರಡೂ ಇಳಿಜಾರಿಗೆ ಅಂಟಿಕೊಂಡಂತೆ ತೆಳ್ಳನೆಯ ತಗಡಿನ ಎಸಳುಗಳು. ಇದೇ ರೀಡ್ ವಾಲ್ವು. ಇಂಜಿನ್ ಉಸಿರೆಳೆದಾಗ ಎಸಳು ತುಟಿಯಂತೆ ತೆರೆದು ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡಬೇಕು. ಉಸಿರು ಬಿಡುವಾಗ ಗಪ್ಪನೆ ಮುಚ್ಚಿಕೊಳ್ಳಬೇಕು. ಗೂಡನ್ನು ಬಿಸಿಲಿಗೆ ಹಿಡಿದು ನೋಡಿದೆ. ಎಸಳಿನ ಅಂಚು ಸವೆದು ಸಂದಿಯಿಂದ ಬೆಳಕು ಬರುತ್ತಿತ್ತು. ಒಂದರ ತುದಿ ಸೀಳಿತ್ತು. ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತಿದ್ದರೆ ಇಂಜಿನ್ ಪಾಪ ಏನು ಮಾಡೀತು! ನಾನು ಆ ಬೆಳಕಿನ ಸಣ್ಣ ಗೆರೆಯನ್ನೇ ನೋಡುತ್ತ ಮತ್ತೆ ಕೆರೆಗೆ ಹೊರಟುಹೋದೆ. ಚಿಕ್ಕಪ್ಪ ಭುಜ ಅಲ್ಲಾಡಿಸಿದ್ದರಿಂದ ವಾಪಸು ಬಂದೆ.

ಎಸಳು ತರಲು ಶಿಕಾರಿಪುರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. "ಯಾವ ಗಾಡಿಗೆ ತಮ್ಮಾ?" ಎಂದರು ಅಂಗಡಿಯವರು. "ನೀರಾಗೆ ಓಡೋ ಗಾಡಿಗೆ" ಎಂದೆ. "ನೀರಾಗೋ, ನೀರಿಲ್ದಂಗೋ? ನಿಮ್ಮ ಕೆರಿ ನಾ ನೋಡೀನಿ" ಎಂದು ನಕ್ಕರಾದರೂ, ಹೊರಗಿನಿಂದ ತರಿಸಿಕೊಡಲು ಒಪ್ಪಿದರು. ಆದರೆ ಯಾವುದು? ಉಕ್ಕಿನದೋ, ಫೈಬರಿನದೋ? ಚಿಕ್ಕಪ್ಪ ಉಕ್ಕು ಎಂದ. ನೇಗಿಲಿನಿಂದ ಹಿಡಿದು ಹೆಂಡತಿಯ ಮಾತಿನವರೆಗೆ ಉಕ್ಕನ್ನೇ ನಂಬಿ ಬದುಕಿದವನು ಅವನು. ನಾನು ಕೌಂಟರಿಗೆ ಮೊಣಕೈ ಊರಿ ಭಾಷಣ ಶುರು ಮಾಡಿದೆ. ಉಕ್ಕು ಬಾಳಿಕೆ ಬರುತ್ತದೆ, ನಿಜ. ಆದರೆ ಅದರ ಚೂರು ಮುರಿದು ಒಳಗೆ ಹೋದರೆ ಸಿಲಿಂಡರನ್ನೇ ಗೀರಿ ಹಾಕುತ್ತದೆ. ಫೈಬರ್ ಬೇಗ ಸವೆದರೂ ಅಷ್ಟು ಹಾಳು ಮಾಡುವುದಿಲ್ಲ. ಅದರಲ್ಲೂ ದಪ್ಪನೆಯದು ಜೋರು ಓಟಕ್ಕೆ, ತೆಳ್ಳನೆಯದು ನಿಧಾನ ಓಟಕ್ಕೆ. ನನ್ನ ಕನಸಿಗೆ ದಪ್ಪನೆಯದೇ ಬೇಕಿತ್ತು. ಆದರೆ ನಮ್ಮ ಕೆರೆಯಲ್ಲಿ ಜೋರಾಗಿ ಹೊರಟರೆ ನಿಲ್ಲುವುದು ಆಚೆ ಗದ್ದೆಯಲ್ಲೇ ಎಂದು ಹೊಳೆದು, ತೆಳ್ಳನೆಯ ಫೈಬರ್ ಎಂದೆ. ಬೈಕಿನ ಸಾಮಾನಿಗೆ ಬಂದಿದ್ದ ಇಬ್ಬರು ತಮ್ಮ ಕೆಲಸ ಬಿಟ್ಟು ಕೇಳುತ್ತಿದ್ದರು. ನನಗೆ ಇನ್ನೂ ಸ್ವಲ್ಪ ಜನ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎಸಳುಗಳು ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ. ನಮ್ಮ ಮನೆಗೆ ಹೊಸತು ಏನೇ ಬರಲಿ, ಫೋನಿನ ಚಾರ್ಜರೇ ಆಗಲಿ, ಅಜ್ಜಿ ಗಂಧ ತೇಯ್ದು, ಅದರಲ್ಲಿ ಕುಂಕುಮ ಕಲಸಿ, ಬೊಟ್ಟಿಟ್ಟ ಮೇಲೆಯೇ ಬಳಕೆ. ಗೂಡಿಗೆ ಎಸಳು ಕೂರಿಸಿ, ಹೂವಿನ ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಎಸಳೆಸಳಿಗೂ ಬೊಟ್ಟು ಬಿತ್ತು. ನನಗೆ ತೃಪ್ತಿಯಾಗಲಿಲ್ಲ. ಒಂದೊಂದು ಎಸಳನ್ನೂ ಉಗುರಿನಿಂದ ಎತ್ತಿ ಹಿಡಿದು, "ಒಳಗೂ ಇಡಜ್ಜಿ" ಎಂದೆ.

"ಹೊರಗಿಟ್ರೆ ಸಾಕಾಗದಿಲ್ಲನಾ?"

"ಕೆಲ್ಸ ನಡಿಯೋದೇ ಒಳಗೆ ಅಜ್ಜಿ. ನಿಂಗೆ ಗೊತ್ತಾಗಲ್ಲ."

"ಓದ್ದೋರು ಹೇಳ್ತೀರಿ, ಇಡ್ತೀನಪ್ಪ" ಎಂದು ಅಜ್ಜಿ ಧಾರಾಳವಾಗಿಯೇ ಇಟ್ಟಳು. ನಾನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ.

ಅಮಾವಾಸ್ಯೆಯ ದಿನ ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು ಎಂಬ ಚರ್ಚೆಯಲ್ಲೇ ಬೆಳಗು ಕಳೆಯಿತು. ಆಮೇಲೆ ಗುಂಡಿ ಒತ್ತಿದೆ. ಕೆಮ್ಮಿತು. ಮತ್ತೆ ಒತ್ತಿದೆ. ಸೀನಿತು. ಸೀನಿದಾಗೆಲ್ಲ ಕಾರ್ಬ್ಯುರೇಟರಿನ ಬಾಯಿಂದ ಪೆಟ್ರೋಲಿನ ಹನಿ, ನಸುಗೆಂಪು ಬಣ್ಣದ್ದು. "ರಕ್ತ ಕಾರ್ತಾ ಇದೆ ನಿಮ್ ಟಗರು" ಎಂದಳು ಚಿಕ್ಕಮ್ಮ ಬಾಗಿಲಲ್ಲೇ ನಿಂತು. ಗುಜರಿಯವನಿಗೆ ಫೋನು ಮಾಡಲು ಅವಳ ಹೆಬ್ಬೆರಳು ಸಿದ್ಧವಾಗಿತ್ತು. ಚಿಕ್ಕಪ್ಪ ಸ್ಕೂಟರಿನ ಸೀಟನ್ನು ಸುಮ್ಮನೆ ಸವರುತ್ತ ಕೂತಿದ್ದ. ನೋಡಲಾಗಲಿಲ್ಲ ನನಗೆ.

ಮತ್ತೆ ಬಿಚ್ಚಿದೆ. ಗೂಡಿಗೆ ಬಾಯಿ ಹಚ್ಚಿ ಗಾಳಿ ಎಳೆದು ನೋಡಿದೆ. ಮುಚ್ಚಿಕೊಳ್ಳಬೇಕಾದ ಕಡೆಯಿಂದಲೂ ಗಾಳಿ ಸರಾಗವಾಗಿ ಬಂತು, ಜೊತೆಗೆ ಗಂಧದ ಘಮ. ತಲೆ ಎತ್ತಿದಾಗ ಅಜ್ಜಿ, "ಇದೆಂತದಾ, ಲಿಪ್‌ಸ್ಟಿಕ್ ಹಚ್ಕಂಡೀಯಾ?" ಎಂದಳು. ಗಂಧ ಒಣಗಿ ಗಟ್ಟಿಯಾಗಿ ಎಸಳಿನ ಕೆಳಗೆ ಮಣೆ ಹಾಕಿದಂತೆ ಕೂತಿತ್ತು. ಎಸಳು ಮುಚ್ಚುವುದಾದರೂ ಹೇಗೆ? ಹಲ್ಲುಜ್ಜುವ ಬ್ರಷ್ಷಿನಿಂದ, ಅದೂ ನನ್ನದೇ ಬ್ರಷ್ಷಿನಿಂದ, ಪೆಟ್ರೋಲು ಹಾಕಿ ಉಜ್ಜಿದೆ. ಜೋಡಿಸಿ ಗುಂಡಿ ಒತ್ತಿದೆ.

ಶೆಡ್ಡಿನ ತಗಡೆಲ್ಲ ನಡುಗುವಂತೆ ಇಂಜಿನ್ ಗುಡುಗಿತು. ಹೊರಗಿದ್ದ ಕುರಿಗಳು ಒಟ್ಟಿಗೆ ತಲೆ ಎತ್ತಿದವು. ಚಿಕ್ಕಪ್ಪ ನನ್ನನ್ನು ತಬ್ಬಿಕೊಂಡೇಬಿಟ್ಟ.

ಸಂಜೆ ಕೆರೆಗಿಳಿಸಿದೆವು. ನೀರು ಬಾಳೆಲೆಯಂತೆ ನುಣ್ಣಗೆ ಹರಡಿತ್ತು. ನಾನು ಹಿಂದಿನ ಸೀಟಿಗೆ ಕಾಲು ಎತ್ತುವುದರೊಳಗೆ ಚಿಕ್ಕಮ್ಮ ಸೆರಗು ಸಿಕ್ಕಿಸಿ ಹತ್ತಿ ಕೂತಿದ್ದಳು. "ನನ್ನ ಟಗರಿನ ಮೇಲೆ ನಾನು ಕೂರದೆ ಮತ್ಯಾರು ಕೂರ್ತಾರೆ?" ಹ್ಯಾಂಡಲ್ ಹಿಡಿದ ಚಿಕ್ಕಪ್ಪ, ಅವನ ಹಿಂದೆ ಚಿಕ್ಕಮ್ಮ, ಇಬ್ಬರೂ ಸಂಜೆ ಬಿಸಿಲಿಗೆ ಕೆಂಪಾದ ನೀರನ್ನು ಮೆಲ್ಲಗೆ ಸೀಳುತ್ತ ಹೋದರು. ಅವಳ ನಗು ನೀರ ಮೇಲೆ ಬಹಳ ಹೊತ್ತು ತೇಲಿತು.

ಚಿಕ್ಕಮ್ಮ ಮಾತಿಗೆ ತಪ್ಪುವವಳಲ್ಲ. ಶೆಡ್ಡು ನೀರು ಸ್ಕೂಟರಿಗೇ ಆಯಿತು. ಆದರೆ ಕುರಿಗಳಿಗೆ ಬೆಚ್ಚಗಿನ ಜಾಗ ಬೇಕಲ್ಲ? ಮನೆಯಲ್ಲಿ ಅಂಥದ್ದು ಇನ್ನೊಂದೇ ಇತ್ತು, ನಾನು ಮಲಗುತ್ತಿದ್ದ ಕೋಣೆ. "ಇಂಜಿನ್ ರಿಪೇರಿ ಮಾಡಿದ ಹುಡ್ಗ ನೀನು, ಎರಡು ಬಾಣಂತನ ದೊಡ್ದಲ್ಲ ಬಿಡು" ಎಂದು ಹುಲ್ಲು ಹಾಸಿಕೊಟ್ಟು ಹೋದಳು. ಈಗ ಮಧ್ಯಾಹ್ನ ಕಣ್ಣು ಅರ್ಧ ಮುಚ್ಚಿದರೆ ಕನಸು ಬರುವ ಮೊದಲೇ ಮರಿಯೊಂದು ಬಂದು ನನ್ನ ಕಿವಿ ಚೀಪತೊಡಗುತ್ತದೆ. ಅದರ ತಾಯಿ ನನ್ನ ದಿಂಬಿನ ಮೇಲೆ ಕೂತು, ಇವನ್ಯಾಕೆ ಇಲ್ಲಿ ಮಲಗಿದ್ದಾನೆ ಎಂಬಂತೆ ನೋಡುತ್ತದೆ.