ಶೇಷಗಿರಿಯವರ ತೈಲಶೋಧಕ

ಗಂಡನ ಹೊಸ ಯಂತ್ರ ನೋಡಲು ಇಡೀ ವಠಾರ ಬಾವಿಕಟ್ಟೆಯ ಸುತ್ತ ನೆರೆದಾಗ ತುಂಗಮ್ಮನವರಿಗೆ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಿಂದ ನಿವೃತ್ತರಾದ ಶೇಷಗಿರಿಯವರು ಮದುವೆಯ ರೇಷ್ಮೆ ಶಲ್ಯವನ್ನು ಪೆಟ್ಟಿಗೆಯಿಂದ ತೆಗೆದು ಹೊದ್ದಿದ್ದರು.

ಬಾವಿ ನೀರಿಗೆ ಪೆಟ್ರೋಲ್ ಸೇರಿದೆ ಎಂಬುದು ವಠಾರದ ಗುಮಾನಿ. ನಿಜವಾದರೆ ಪಕ್ಕದ ಗ್ಯಾರೇಜಿನ ಸಿದ್ದಲಿಂಗು ಇವತ್ತೇ ಜಾಗ ಖಾಲಿ ಮಾಡಬೇಕು. ಪಾಪ, ಅವನು ಸ್ಪ್ಯಾನರ್ ಹಿಡಿದುಕೊಂಡೇ ಬಂದು ನಿಂತಿದ್ದ.

“ನೀರೊಳಗೆ ಅತಿನೇರಳೆ ಬೆಳಕು ಹಾಯಿಸ್ತೀನಿ,” ಶೇಷಗಿರಿಯವರು ವಿವರಿಸಿದರು. “ಎಣ್ಣೆಯ ಅಣುಗಳಿದ್ರೆ ಬೆಳಕನ್ನ ನುಂಗಿಬಿಡ್ತವೆ. ಬೆಳಕು ಎಷ್ಟು ಕಮ್ಮಿಯೋ ಎಣ್ಣೆ ಅಷ್ಟು ಜಾಸ್ತಿ! ಆಮೇಲೆ ಯಂತ್ರವೇ ವಾಸನೆಯ ಜಾಡು ಹಿಡಿದು ಹೋಗಿ, ಎಣ್ಣೆ ಬಂದ ಮೂಲದ ಮೇಲೆ ಸೋಪಿನ ನೊರೆ ಸುರಿಯುತ್ತೆ!”

ನಲ್ಲಿ ನೀರಿಗೆ ಯಂತ್ರ “ಶುದ್ಧ!” ಎಂದಿತು. ಚಪ್ಪಾಳೆ! ಶೇಷಗಿರಿಯವರು ಗಾಜಿನ ಪುಟ್ಟ ಡಬ್ಬಿಯನ್ನು ಶಲ್ಯದಲ್ಲಿ ಫಳಫಳ ಒರೆಸಿ ಬಾವಿ ನೀರು ತುಂಬಿದರು.

“ಎಣ್ಣೆ! ಎಣ್ಣೆ!” ಯಂತ್ರ ಕಿರುಚಿತು.

“ದೇವರಾಣೆ ಸಾರ್, ಒಂದು ತೊಟ್ಟೂ ಚೆಲ್ಲಿಲ್ಲ!” ಸಿದ್ದಲಿಂಗು ಅಳುವಂತಾದ.

ತುಂಗಮ್ಮನವರು ಒಳಗಿನಿಂದ ತೀರ್ಥದ ಬಟ್ಟಲು ತಂದರು. “ರೀ, ದೇವರ ತೀರ್ಥ ಹಾಕಿ ನೋಡೋಣ.”

ಡಬ್ಬಿಯನ್ನು ಮತ್ತೆ ಒರೆಸಿ ತೀರ್ಥ ಹಾಕಿದರು. “ಎಣ್ಣೆ!” ಎಳನೀರಿಗೂ ಎಣ್ಣೆ!

“ನಿಮ್ಮ ಯಂತ್ರಕ್ಕೆ ತಲೆ ಕೆಟ್ಟಿದೆ!”

“ನನ್ನ ಯಂತ್ರ ಸುಳ್ಳು ಹೇಳಲ್ಲ ಕಣೇ!”

ಅಷ್ಟರಲ್ಲಿ ಯಂತ್ರ ಮೂತಿ ತಿರುಗಿಸಿತು. ಗ್ಯಾರೇಜಿನ ಕಡೆ ಕಣ್ಣೆತ್ತಿಯೂ ನೋಡದೆ ಗಡಗಡ ಉರುಳಿ ಶೇಷಗಿರಿಯವರ ಬೆನ್ನು ಹತ್ತಿತು! ಅವರು ಬಾವಿಕಟ್ಟೆಯನ್ನು ಮೂರು ಸುತ್ತು ಓಡಿದರು. ನಾಲ್ಕನೆಯ ಸುತ್ತಿನಲ್ಲಿ ಬುಸ್! ನೊರೆಯ ಗುಡ್ಡೆಯಲ್ಲಿ ಕನ್ನಡಕ ಮಾತ್ರ ಕಾಣುತ್ತಿತ್ತು.

ತುಂಗಮ್ಮ ಶಲ್ಯ ಎಳೆದು ಮೂಸಿದರು. “ಅಯ್ಯೋ, ನುಸಿಗುಳಿಗೆ ವಾಸನೆ! ಬಟ್ಟೆಗೆ ಹುಳ ಬೀಳದಿರ್ಲಿ ಅಂತ ಪೆಟ್ಟಿಗೆ ತುಂಬ ಅದೇ ಹಾಕಿದ್ದೆ!”

“ಅದೂ ಎಣ್ಣೆಯ ಜಾತಿಯದೇ ಕಣೇ!” ನೊರೆಯೊಳಗಿಂದ ಸಂಭ್ರಮದ ದನಿ ಬಂತು. “ಒರೆಸುವಾಗ ಶಲ್ಯದಿಂದ ಡಬ್ಬಿಗೆ ಅಂಟಿದ ಚೂರನ್ನೂ ಹಿಡಿದಿದೆ ನೋಡು!”

ಡಬ್ಬಿಯನ್ನು ಸ್ಪಿರಿಟ್‌ನಲ್ಲಿ ತೊಳೆದು ಬಾವಿ ನೀರು ಹಾಕಿದರು. “ಶುದ್ಧ!”

“ತಪ್ಪು ನನ್ನದಪ್ಪ, ಸಿದ್ದಲಿಂಗು” ಎಂದರು ಶೇಷಗಿರಿ. ಸಿದ್ದಲಿಂಗು ಸ್ಪ್ಯಾನರ್ ಕೆಳಗಿಟ್ಟು ಕಣ್ಣೊರೆಸಿಕೊಂಡ.

ವಠಾರದ ಹೆಂಗಸರು ಕಿಸಕ್ಕೆಂದರು. ತುಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದರು: “ನಗಬೇಡಿ! ತಪ್ಪು ಯಜಮಾನರದ್ದೇ ಅಂತ ಎಲ್ಲರೆದುರು ಹೇಳೋ ಯಂತ್ರ ನಿಮ್ಮ ಯಾರ ಮನೇಲಾದ್ರೂ ಇದೆಯೇನ್ರೀ?”